ಟಾಕಿ ದಿನಾ ತುಂಬ್ತದ, ನಮ್ಮ ಕೊಡ ಯಾಕ ತುಂಬಂಗಿಲ್ಲ?

ಪ್ರಶ್ನೆ: ಸರ್, ನಮ್ದು ಯಾದಗಿರಿ ಜಿಲ್ಲೆ ಶಹಾಪುರ ತಾಲೂಕಿನ ಒಂದು ಹಳ್ಳಿ. 640 ಮನಿ, ಹತ್ರಹತ್ರ 3,200 ಜನ. ಎರಡು ಬೋರ್ ಅದಾವ, ಒಂದರಾಗ ಎರಡಿಂಚು ನೀರು, ಇನ್ನೊಂದರಾಗ ಒಂದೂವರೆ ಇಂಚು. ಮೂರು ಫೇಸ್ ಕರೆಂಟ್ ಏಳು ತಾಸು ಇರ್ತದ. 50 ಸಾವಿರ ಲೀಟರಿನ ಟಾಕಿ ದಿನಾ ತುಂಬ್ತದ ಅಂತ ನೀರು ಬಿಡೋ ಹುಡುಗ ಹೇಳ್ತಾನ. ಆದ್ರ ನಮ್ಮ ಓಣಿಗಿ ನಳ ಐದು ದಿನಕ್ಕೊಮ್ಮಿ, ಒಂದು ತಾಸು. ಎಂಟ್-ಹತ್ತು ಕೊಡ ತುಂಬೂದ್ರಾಗ ಹೋಗಿಬಿಡ್ತದ. ಮೊದಲ ಹತ್ತು ನಿಮಿಷ ಕರಿ ನೀರು, ಗಟಾರದ ವಾಸನಿ. ಪರೀಕ್ಷಾ ಮಾಡಿಸಿದ್ರ ಫ್ಲೋರೈಡ್ 2.2 ಅಂತ ಬಂದದ. ಶುದ್ಧ ನೀರಿನ ಘಟಕ ಎಂಟು ತಿಂಗಳಿಂದ ಬಂದ್. ಪಂಚಾಯತಿಯವರು ‘ಅನುದಾನ ಇಲ್ಲ, ಹೊಸ ಪೈಪ್‌ಲೈನ್ ಇನ್ನೂ ನಮಗ ಹಸ್ತಾಂತರ ಆಗಿಲ್ಲ’ ಅಂತಾರ. ಹಿರಿಯರು ಇನ್ನೂ ಆಳಕ್ಕ ಬೋರ್ ಹೊಡಸ್ರಿ ಅಂತಾರ, ಹುಡುಗ್ರು ಕರಾನೇ ಕಟ್ಟೂದು ಬ್ಯಾಡ ಅಂತಾರ. ನೀರು ಕುದಿಸಿ ಕುಡದ್ರ ಸಾಕೇನು? ಊರಾಗ ಪಟ್ಟಿ ಎತ್ತಿ ನಾವೇ ಘಟಕ ಚಾಲೂ ಮಾಡಬಹುದೇನು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆಬೇರೆ ರೋಗಗಳು ಒಂದೇ ಚೀಟಿಯಲ್ಲಿ ಬಂದಿವೆ. ನೀರು ಸಾಲುತ್ತಿಲ್ಲ, ಬಂದ ನೀರಿಗೆ ಗಟಾರ ಸೇರುತ್ತಿದೆ, ನೆಲದ ನೀರಿನಲ್ಲೇ ಫ್ಲೋರೈಡ್ ಇದೆ. ಮೂರಕ್ಕೂ ಮದ್ದು ಬೇರೆ. ಊರಿನ ಸಭೆಗಳಲ್ಲಿ ಜಗಳ ಮುಗಿಯದೇ ಇರುವುದು ಇವನ್ನು ಒಂದೇ ಗಂಟು ಕಟ್ಟಿ ‘ನೀರಿನ ಸಮಸ್ಯೆ’ ಎಂದು ಕರೆಯುವುದರಿಂದ.

ಮೊದಲು ಲೆಕ್ಕ. ‘ಎರಡಿಂಚು’ ಎಂಬುದು ಅಳತೆಯಲ್ಲ. 200 ಲೀಟರಿನ ಡ್ರಮ್ಮನ್ನು ಬೋರಿನ ಬಾಯಿಗೆ ಇಟ್ಟು, ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊಬೈಲ್ ಗಡಿಯಾರದಲ್ಲಿ ನೋಡಿ. ಎರಡು ನಿಮಿಷಕ್ಕೆ ತುಂಬಿದರೆ ತಾಸಿಗೆ 6,000 ಲೀಟರ್, ಮೂರು ನಿಮಿಷಕ್ಕೆ ತುಂಬಿದರೆ 4,000. ಮೋಟಾರ್ ಚಾಲೂ ಆದ ಕೂಡಲೇ ಅಳೆಯಬೇಡಿ, ಎರಡು ತಾಸು ಓಡಿದ ಮೇಲೆ ಅಳೆಯಿರಿ. ಮೊದಲಿಗೆ ಕೊಳವೆಯಲ್ಲಿ ನಿಂತ ನೀರೇ ಬರುತ್ತದೆ, ಅದು ಮೋಸ ಮಾಡುತ್ತದೆ. ನಿಮ್ಮ ಎರಡು ಬೋರುಗಳೂ ಸೇರಿ ತಾಸಿಗೆ 10,000 ಲೀಟರ್ ಕೊಡುತ್ತವೆ ಎಂದಿಟ್ಟುಕೊಳ್ಳೋಣ. ಏಳು ತಾಸಿಗೆ 70,000 ಲೀಟರ್. 3,200 ಜನಕ್ಕೆ ಹಂಚಿದರೆ ತಲೆಗೆ 22 ಲೀಟರ್. ಜಲ ಜೀವನ್ ಮಿಷನ್ ಹೇಳುವುದು ತಲೆಗೆ 55 ಲೀಟರ್, ಅಂದರೆ ನಿಮ್ಮೂರಿಗೆ ದಿನಕ್ಕೆ 1,76,000 ಲೀಟರ್ ಬೇಕು. ಹಾಗಾಗಿ ಕೊರತೆ ಇರುವುದು ನಿಜ.

ಆದರೆ ಅದಕ್ಕಿಂತ ದೊಡ್ಡದೊಂದು ಸಂಗತಿ ಇದೇ ಲೆಕ್ಕದಲ್ಲಿದೆ. 70,000 ಲೀಟರನ್ನು 640 ಮನೆಗೆ ಹಂಚಿದರೆ ಮನೆಗೆ ದಿನಕ್ಕೆ ಸುಮಾರು 110 ಲೀಟರ್. ಐದು ದಿನಕ್ಕೊಮ್ಮೆ ಬಿಟ್ಟರೆ ಪ್ರತಿ ಸಲ ಒಂದು ಮನೆಗೆ 550 ಲೀಟರ್ ಸಿಗಬೇಕು. ನಿಮಗೆ ಸಿಗುತ್ತಿರುವುದು ಎಂಟು-ಹತ್ತು ಕೊಡ; ಕೊಡಕ್ಕೆ 15 ಲೀಟರ್ ಹಿಡಿದರೂ 150 ದಾಟುವುದಿಲ್ಲ. ನಿಮ್ಮ ಓಣಿಯ ಪಾಲಿನ ಮುಕ್ಕಾಲು ಭಾಗ ಟಾಕಿಯಿಂದ ಹೊರಟು ನಿಮ್ಮ ಮನೆ ತಲುಪಿಲ್ಲ. ಇದು ಗೊತ್ತಾಗದೆ ಇನ್ನೊಂದು ಬೋರ್ ಹೊಡೆಸಿದರೆ ಆ ನೀರೂ ಅದೇ ದಾರಿ ಹಿಡಿಯುತ್ತದೆ.

ಎಲ್ಲಿ ಹೋಗುತ್ತದೆ ಎಂದು ಹಿಡಿಯುವುದು ಕಷ್ಟವಲ್ಲ. ಟಾಕಿಯೊಳಗೆ ನೀರಿನ ಆಳ ಎರಡೂವರೆ ಮೀಟರ್ ಇದ್ದರೆ, 50 ಸಾವಿರದ ಟಾಕಿಯಲ್ಲಿ ಒಂದು ಸೆಂಟಿಮೀಟರ್ ಇಳಿತ ಎಂದರೆ 200 ಲೀಟರ್. ಒಂದು ಓಣಿಯ ವಾಲ್ವ್ ಮಾತ್ರ ತೆರೆದು, ಟಾಕಿ ಎಷ್ಟು ಇಳಿಯಿತು ಎಂದು ಬರೆದುಕೊಳ್ಳಿ; ಆ ಓಣಿಯ ಹತ್ತು ಮನೆಗಳಲ್ಲಿ ಎಷ್ಟೆಷ್ಟು ಕೊಡ ತುಂಬಿತು ಎಂದು ಅದೇ ಹೊತ್ತಿಗೆ ಕೇಳಿ. ನಾಲ್ಕೈದು ದಿನದಲ್ಲಿ ಎಲ್ಲ ಓಣಿಗಳದೂ ಮುಗಿಯುತ್ತದೆ. ಇಳಿತ ಹೆಚ್ಚು, ಕೊಡ ಕಡಿಮೆ ಇರುವ ಓಣಿಯಲ್ಲಿ ಪೈಪು ಒಡೆದಿದೆ. ಇಳಿತವೂ ಹೆಚ್ಚು, ಕೊಡವೂ ಹೆಚ್ಚು ಇರುವುದು ತಗ್ಗಿನ ಓಣಿ. ಅಲ್ಲಿ ನಳಕ್ಕೆ ತೋಟಿ ಇರುವುದಿಲ್ಲ, ತುಂಬಿದ ಮೇಲೆ ನೀರು ಗಟಾರಕ್ಕೆ ಹರಿಯುತ್ತಿರುತ್ತದೆ. ಈ ಎರಡೂ ನೀರು ಬಿಡುವ ಹುಡುಗನಿಗೆ, ಅಂದರೆ ಪಂಚಾಯತಿಯ ನೀರುಗಂಟಿಗೆ, ಗೊತ್ತಿರುತ್ತವೆ. ಯಾರೂ ಅವನನ್ನು ಕೇಳಿರುವುದಿಲ್ಲ, ಅಷ್ಟೇ.

ನಮ್ಮ ಭಾಗದಲ್ಲಿ ಪೈಪ್ ಒಡೆಯುವುದಕ್ಕೆ ಮಣ್ಣೂ ಕಾರಣ. ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಪಿವಿಸಿ ಪೈಪನ್ನು ಒಂದಡಿ ಆಳದಲ್ಲಿ ಬರೀ ಎರೆಮಣ್ಣಿನ ಮೇಲೆ ಮಲಗಿಸಿದ್ದರೆ ಎರಡು ವರ್ಷದಲ್ಲಿ ಜಾಯಿಂಟುಗಳು ಬಿಡುತ್ತವೆ. ಪೈಪಿನ ಮೇಲೆ ಒಂದು ಮೀಟರಿನಷ್ಟು ಮಣ್ಣಿರಬೇಕು, ಕೆಳಗೂ ಸುತ್ತಲೂ ಅರ್ಧ ಅಡಿ ಮರಳು ಅಥವಾ ಗರಸು ಹಾಕಿರಬೇಕು. ದುರಸ್ತಿ ಮಾಡುವಾಗ ಒಡೆದ ಜಾಗಕ್ಕೆ ಟ್ಯೂಬು ಸುತ್ತಿ ಮಣ್ಣು ಮುಚ್ಚುವುದು ನಮ್ಮೂರುಗಳ ರೂಢಿ. ಅದು ಮುಂದಿನ ಜಾತ್ರೆಯವರೆಗೂ ಬಾಳುವುದಿಲ್ಲ. ಒಡೆದ ತುಂಡನ್ನು ಕತ್ತರಿಸಿ ತೆಗೆದು ಹೊಸ ತುಂಡು ಜೋಡಿಸಿ, ಮರಳು ಹಾಸಿ ಮುಚ್ಚಿಸಿ.

ಇನ್ನು ಆ ಕರಿ ನೀರು. ಟಾಕಿ ಹೊಲಸಾಗಿದ್ದರೆ ಇಡೀ ತಾಸು ಹೊಲಸೇ ಬರಬೇಕಿತ್ತು. ಮೊದಲ ಹತ್ತು ನಿಮಿಷ ಮಾತ್ರ ಕರಿ ನೀರು ಎಂದರೆ ಗಟಾರದ ನೀರು ಪೈಪಿನೊಳಗೆ ಸೇರಿ ಕೂತಿತ್ತು ಎಂದರ್ಥ. ನೀರು ಹರಿಯುತ್ತಿದ್ದಾಗ ಬಿರುಕಿನಿಂದ ಹೊರಗೆ ಸೋರುತ್ತದೆ. ವಾಲ್ವ್ ಮುಚ್ಚಿದ ಕೂಡಲೇ ಪೈಪು ಖಾಲಿಯಾಗುತ್ತ ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಐದು ದಿನ ಖಾಲಿ ಇದ್ದ ಪೈಪು ಐದು ದಿನವೂ ಗಟಾರ ಕುಡಿಯುತ್ತದೆ. ಇದರ ಮೇಲೆ ಇನ್ನೆರಡು ತಪ್ಪು ಮನೆಗಳವರದು. ಒತ್ತಡ ಸಾಲದೆಂದು ನಳದ ಮುಂದೆ ಎರಡು ಮೂರಡಿ ಗುಂಡಿ ತೋಡಿ, ನಳವನ್ನು ಅದರೊಳಗೆ ಇಳಿಸುತ್ತಾರೆ. ಬಚ್ಚಲ ನೀರು, ಮಳೆ ನೀರು ಅದೇ ಗುಂಡಿಯಲ್ಲಿ ನಿಲ್ಲುತ್ತದೆ. ನೀರು ನಿಂತಾಗ ಆ ಗುಂಡಿಯದೇ ನೀರು ನಳದ ಬಾಯಿಯಿಂದ ಹಿಂದಕ್ಕೆ ಹೋಗಿ ಊರಿನ ಪೈಪು ಸೇರುತ್ತದೆ. ಎರಡನೆಯದು ನಳಕ್ಕೆ ನೇರ ಮೋಟಾರ್ ಹಚ್ಚುವುದು. ಮೋಟಾರ್ ಎಳೆದಾಗ ಮುಂದಿನ ಮನೆಗೆ ನೀರು ನಿಲ್ಲುವುದಷ್ಟೇ ಅಲ್ಲ, ಓಣಿಯ ಬಿರುಕುಗಳಲ್ಲೆಲ್ಲ ಗಟಾರದ ನೀರು ಎಳೆತಕ್ಕೆ ಬರುತ್ತದೆ. ನಳದ ಗುಂಡಿಗಳನ್ನು ಮುಚ್ಚಿ, ನಳವನ್ನು ನೆಲದಿಂದ ಎರಡಡಿ ಮೇಲೆ ನಿಲ್ಲಿಸದೆ ಎಷ್ಟೇ ಬ್ಲೀಚಿಂಗ್ ಪೌಡರ್ ಹಾಕಿದರೂ ವಾಸನೆ ಹೋಗದು. ಗುಂಡಿ ಮುಚ್ಚಿ ಎಂದರೆ ‘ಮೊದಲು ನೀರು ಬರಲಿ’ ಎಂದು ಜನ ಬೈಯುತ್ತಾರೆ, ಅದೂ ನ್ಯಾಯವೇ. ಅದಕ್ಕೇ ಊರನ್ನು ವಾಲ್ವುಗಳಿಂದ ನಾಲ್ಕು ಭಾಗ ಮಾಡಿ, ಒಂದು ಸಲಕ್ಕೆ ಒಂದೇ ಭಾಗಕ್ಕೆ ಬಿಡಬೇಕು. ಒತ್ತಡ ಬಂದ ಓಣಿಯಲ್ಲಿ ಅದೇ ವಾರ ಗುಂಡಿ ಮುಚ್ಚಿಸಬೇಕು.

ಪೈಪು ಗಟಾರ ದಾಟುವ ಕಡೆಯೆಲ್ಲ ಅದನ್ನು ಗಟಾರದ ಮೇಲಿಂದ, ದಪ್ಪ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಕವಚದೊಳಗೆ ಹಾಯಿಸಿ. ಗಟಾರದೊಳಗೆ ಜಾಯಿಂಟ್ ಇರಲೇಬಾರದು. ಇಕ್ಕಟ್ಟು ಓಣಿಯಲ್ಲಿ ಪೈಪನ್ನು ಗಟಾರದಿಂದ ಮೂರು ಮೀಟರ್ ದೂರ ಇಡುವುದು ಆಗದ ಮಾತು, ಇದಾದರೂ ಆಗಲಿ.

ಬ್ಲೀಚಿಂಗ್ ಪೌಡರಿನ ಪ್ರಮಾಣ ಹೇಳುತ್ತೇನೆ, ಏಕೆಂದರೆ ಬಹಳ ಕಡೆ ಒಂದು ಮುಷ್ಟಿ ಎಸೆದು ಮುಗಿಸುತ್ತಾರೆ. ಪುಡಿಯಲ್ಲಿ 25 ಪ್ರತಿಶತ ಕ್ಲೋರಿನ್ ಇದ್ದರೆ 1,000 ಲೀಟರಿಗೆ 4 ಗ್ರಾಂ ಹಾಕಿದಾಗ ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಸೇರುತ್ತದೆ. ನಿಮ್ಮ ಪೈಪುಗಳ ಸ್ಥಿತಿಗೆ 2 ಮಿಲಿಗ್ರಾಂ ಬೇಕು: ತುಂಬಿದ ಟಾಕಿಗೆ 400 ಗ್ರಾಂ. ಬಕೆಟ್‌ನಲ್ಲಿ ಪುಡಿಯನ್ನು ಮೊದಲು ಅಂಬಲಿಯ ಹಾಗೆ ಕಲಸಿ, ಆಮೇಲೆ ನೀರು ಹಾಕಿ ತಿರುವಿ, ಸುಣ್ಣ ತಳಕ್ಕೆ ಇಳಿಯಲು ಬಿಡಿ. ಮೇಲಿನ ತಿಳಿ ಮಾತ್ರ ಟಾಕಿಗೆ ಹೋಗಬೇಕು. ತಳದ ಸುಣ್ಣ ಹೋದರೆ ವಾಲ್ವ್ ಕಟ್ಟುತ್ತದೆ. ಅರ್ಧ ತಾಸು ಕಳೆದ ಮೇಲೆ ನೀರು ಬಿಡಿ. ತುದಿಯ ಮನೆಯ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಪಂಚಾಯತಿಯಲ್ಲಿರುವ ಕ್ಲೋರೋಸ್ಕೋಪಿನಲ್ಲಿ (ಬಣ್ಣ ನೋಡಿ ಕ್ಲೋರಿನ್ ಅಳೆಯುವ ಸಾಧನ) ಎರಡು ನಿಮಿಷದ ಕೆಲಸ. ಟಾಕಿಯ ಬುಡದಲ್ಲಿ ತೋರಿಸಿ ತುದಿಯಲ್ಲಿ ಸೊನ್ನೆ ಬಂದರೆ ನಡುವೆ ಗಟಾರ ಸೇರುತ್ತಿದೆ ಎಂದೇ ಲೆಕ್ಕ. ದಿನಕ್ಕೆ 70,000 ಲೀಟರಿಗೆ 560 ಗ್ರಾಂ, 25 ಕೆ.ಜಿ. ಚೀಲ ಒಂದೂವರೆ ತಿಂಗಳು ಬರುತ್ತದೆ. ಚೀಲದ ಬಾಯಿ ತೆರೆದು ಪಂಪ್‌ಹೌಸಿನ ತಗಡಿನ ಕೆಳಗೆ ಇಟ್ಟರೆ ನಮ್ಮ ಬೇಸಿಗೆಗೆ ಅದರ ಸತ್ವ ಹಾರಿ ಬರೀ ಸುಣ್ಣ ಉಳಿಯುತ್ತದೆ. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿ, ನೆರಳು.

ಕುದಿಸುವ ಮಾತಿಗೆ ಬರೋಣ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಹಾಗಾಗಿ ಕರಿ ನೀರಿನ ದಿನಗಳಲ್ಲಿ ಕುದಿಸಲೇಬೇಕು. ಫ್ಲೋರೈಡ್ ಮಾತ್ರ ಕುದಿಸಿದರೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಐದನೇ ಒಂದು ಭಾಗ ಆವಿಯಾದರೆ ನಿಮ್ಮ 2.2 ಹೋಗಿ 2.75 ಆಗುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. 2.2 ಎಂದರೆ ನಾಳೆಯೇ ಮಲಗಿಸುವ ವಿಷವಲ್ಲ. ಆದರೆ ಹಲ್ಲು ಮೂಡುತ್ತಿರುವ ಮಕ್ಕಳಿಗೆ, ಅಂದರೆ ಎಂಟು ವರ್ಷದೊಳಗಿನವರಿಗೆ, ಹಲ್ಲಿನ ಮೇಲೆ ಕಂದು ಗೀರು ಬರಲು ಇಷ್ಟು ಸಾಕು. ಬಂದ ಗೀರು ಆಮೇಲೆ ಒಳ್ಳೆ ನೀರು ಕುಡಿದರೂ ಹೋಗದು. ಕುಡಿಯಲು ಮಾತ್ರ ಶುದ್ಧ ನೀರು ತಂದು ಬೇಳೆ ಬೇಯಿಸಲು, ರೊಟ್ಟಿ ಹಿಟ್ಟು ನಾದಲು, ಚಹಕ್ಕೆ ನಳದ ನೀರು ಬಳಸಿದರೆ ಅರ್ಧ ಕೆಲಸ ಕೆಟ್ಟಂತೆ. ಸ್ನಾನಕ್ಕೆ, ಬಟ್ಟೆಗೆ ನಳದ ನೀರು ಇರಲಿ, ಅದಕ್ಕೆ ಹೆದರಬೇಕಿಲ್ಲ.

‘ಇನ್ನೂ ಆಳಕ್ಕೆ ಹೋದರೆ ಸಿಹಿ ನೀರು’ ಎಂಬ ನಂಬಿಕೆ ಶಹಾಪುರ, ಸುರಪುರ, ಯಾದಗಿರಿ ಕಡೆಯ ಕಣಶಿಲೆಯಲ್ಲಿ (ಗ್ರಾನೈಟ್) ಬಹುತೇಕ ತಿರುಗುಮುರುಗು. ಫ್ಲೋರೈಡ್ ಬರುವುದೇ ಆ ಕಲ್ಲಿನಿಂದ. ಆಳದ ಬಿರುಕಿನಲ್ಲಿ ನೀರು ಹೆಚ್ಚು ವರ್ಷ ಕಲ್ಲಿನ ಜೊತೆ ಕೂತಿರುತ್ತದೆ. ಬೀದರಿನ ಕೆಂಪು ಮುರಕಲ್ಲಿನ ನೀರನ್ನೋ ಸೇಡಂ ಕಡೆಯ ಸುಣ್ಣಕಲ್ಲಿನ ನೀರನ್ನೋ ನೋಡಿ ಬಂದ ನೆಂಟರ ಮಾತು ಕೇಳಿ ಇಲ್ಲಿ ಬೋರ್ ಹೊಡೆಸಬೇಡಿ. ಇನ್ನೊಂದು ಮಾತು: ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದು, ಅಲ್ಲಿಯ ಜನರಿಗೆ ಚರ್ಮರೋಗ ಬಂದದ್ದು ದಾಖಲಾಗಿದೆ. ನಿಮ್ಮೂರು ಆ ದಿಕ್ಕಿಗಿದ್ದರೆ ಫ್ಲೋರೈಡ್ ಜೊತೆ ಆರ್ಸೆನಿಕ್, ನೈಟ್ರೇಟ್ ಎರಡನ್ನೂ ಪರೀಕ್ಷಿಸಲು ಬರೆದುಕೊಡಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದಾಟಿದ್ದರೆ ಬೋರಿನ ಹತ್ತಿರದ ತಿಪ್ಪೆ, ಶೌಚದ ಗುಂಡಿ, ಹೊಲದ ಯೂರಿಯಾ ನೋಡಬೇಕು.

ನಿಮ್ಮ 2.2 ಯಾವ ಬೋರಿನದು? ಪತ್ರದಲ್ಲಿ ಇಲ್ಲ. ಟಾಕಿಯ ಮಾದರಿಯಾಗಿದ್ದರೆ ಎರಡೂ ಬೆರೆತಿವೆ. ಎರಡು ಬೋರ್, ಜೊತೆಗೆ ಕೆರೆಯ ಕೆಳಗಿನ ಹಳೆಯ ಸೇದುವ ಬಾವಿ ಇದ್ದರೆ ಅದು, ಮೂರನ್ನೂ ಬೇರೆಬೇರೆ ಬಾಟಲಿಯಲ್ಲಿ ಕೊಡಿ. ಕೆರೆ ಕೆಳಗಿನ ಬಾವಿಗಳಲ್ಲಿ ಫ್ಲೋರೈಡ್ ಕಡಿಮೆ ಇರುವುದುಂಟು. ಅಲ್ಲಿ 0.8 ಬಂತು ಎನ್ನಿ, 2.2ರ ಜೊತೆ ಸಮಸಮ ಬೆರೆಸಿದರೆ 1.5, ಬಾವಿಯದು ಎರಡು ಪಾಲು ಬೋರಿನದು ಒಂದು ಪಾಲಾದರೆ 1.3ರ ಹತ್ತಿರ. ಯಾವ ಯಂತ್ರವೂ ಬೇಡ, ಒಂದು ಪೈಪ್‌ಲೈನ್ ಸಾಕು. ತೊಂದರೆ ಏನೆಂದರೆ ತೆರೆದ ಬಾವಿಯಲ್ಲಿ ಕ್ರಿಮಿ ಹೆಚ್ಚು, ಕ್ಲೋರಿನ್ ಒಂದು ದಿನವೂ ತಪ್ಪಬಾರದು. ಬೇಸಿಗೆಗೆ ಬಾವಿ ಇಳಿದರೆ ಲೆಕ್ಕ ತಪ್ಪುತ್ತದೆ.

ಶುದ್ಧ ನೀರಿನ ಘಟಕ ಫ್ಲೋರೈಡ್ ತೆಗೆಯುತ್ತದೆ, ನಿಜ. ಆದರೆ ಅದು ಬಂದ್ ಬಿದ್ದದ್ದು ಬಹುಶಃ ದೊಡ್ಡ ಕಾರಣಕ್ಕಲ್ಲ. ಗಡಸು ನೀರಿರುವ ನಮ್ಮಲ್ಲಿ ಸುಣ್ಣ ಕಟ್ಟದಂತೆ ಹಾಕುವ ದ್ರಾವಣದ ಚಿಕ್ಕ ಪಂಪು ಕೆಟ್ಟಿರುತ್ತದೆ, ಯಾರೂ ನೋಡುವುದಿಲ್ಲ. ತಿಂಗಳಿಗೊಮ್ಮೆ ಬದಲಿಸಬೇಕಾದ, ಕೆಸರು ತಡೆಯುವ ಕಾರ್ಟ್ರಿಜ್ ಆರು ತಿಂಗಳು ಹಾಗೇ ಇರುತ್ತದೆ. ಆಮೇಲೆ ಎರಡು ಮೂರು ವರ್ಷ ಬರಬೇಕಾದ ಮೆಂಬ್ರೇನ್ (ಫ್ಲೋರೈಡ್ ಸೋಸುವ ತೆಳು ಪೊರೆ) ಎಂಟೇ ತಿಂಗಳಿಗೆ ಸುಣ್ಣ ಕಟ್ಟುತ್ತದೆ, ವೋಲ್ಟೇಜ್ ಇಳಿದು ಮೋಟಾರ್ ಸುಡುತ್ತದೆ. ದುಡ್ಡಿನ ಲೆಕ್ಕವನ್ನೂ ನೋಡಿ: ದಿನಕ್ಕೆ 20 ಲೀಟರಿನ 300 ಕ್ಯಾನ್, ಕ್ಯಾನಿಗೆ 5 ರೂಪಾಯಿ ಎಂದರೆ ತಿಂಗಳಿಗೆ 45,000. ನೋಡಿಕೊಳ್ಳುವವನ ಸಂಬಳ, ಕರೆಂಟ್, ಕಾರ್ಟ್ರಿಜ್, ದ್ರಾವಣ ಕಳೆದು ಮೆಂಬ್ರೇನಿಗೆ ಒಂದಿಷ್ಟು ಎತ್ತಿಡಬಹುದು. ದಿನಕ್ಕೆ 60 ಕ್ಯಾನ್ ಮಾತ್ರ ಹೋಗುವುದಾದರೆ ತಿಂಗಳಿಗೆ 9,000; ಆ ಘಟಕ ಯಾರು ನಡೆಸಿದರೂ ನಿಲ್ಲುತ್ತದೆ. ನಾಣ್ಯದ ಪೆಟ್ಟಿಗೆಯ ಹಣ ಯಾರ ಖಾತೆಗೆ ಹೋಗುತ್ತಿತ್ತು ಎಂಬ ಒಂದೇ ಪ್ರಶ್ನೆಗೆ ಉತ್ತರ ಸಿಕ್ಕರೆ ನಿಮಗೆ ಅರ್ಧ ಕಥೆ ತಿಳಿಯುತ್ತದೆ.

ಘಟಕದ ಬೆಲೆ ಇನ್ನೊಂದಿದೆ. 6,000 ಲೀಟರ್ ಶುದ್ಧ ನೀರಿಗೆ ಹೆಚ್ಚುಕಡಿಮೆ ಅಷ್ಟೇ ನೀರು ಹೊರಗೆ ಹೋಗುತ್ತದೆ. 70,000ದಲ್ಲಿ 12,000, ಅಂದರೆ ಆರರಲ್ಲಿ ಒಂದು ಪಾಲು ಘಟಕಕ್ಕೇ ಹೋಯಿತು. ಹೊರಹೋದ ನೀರಿನಲ್ಲಿ ಫ್ಲೋರೈಡ್ ಎರಡು ಪಟ್ಟಿನ ಹತ್ತಿರ ಇರುತ್ತದೆ. ಬೋರಿನ ಪಕ್ಕದ ಇಂಗುಗುಂಡಿಗೆ ಬಿಟ್ಟರೆ ಅದೇ ವಾಪಸ್ ಬರುತ್ತದೆ. ಶಾಲೆಯ ಶೌಚಾಲಯಕ್ಕೆ, ಟ್ರ್ಯಾಕ್ಟರ್ ತೊಳೆಯಲು ಕೊಡಿ. ಕ್ಯಾನಿಗೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಒಟ್ಟು ಲವಣ ತೋರಿಸುವುದು) ಅದ್ದಿ ‘50 ಬಂತು, ಶುದ್ಧ’ ಎನ್ನುವುದನ್ನೂ ನಂಬಬೇಡಿ. ಆ ಮೀಟರ್ ಕ್ರಿಮಿಯನ್ನೂ ತೋರಿಸದು, ಫ್ಲೋರೈಡನ್ನೂ ತೋರಿಸದು.

ಪಟ್ಟಿ ಎತ್ತಿ ನಡೆಸಬಹುದೇ ಎಂದು ಕೇಳಿದ್ದೀರಿ. ಬಹುದು, ಆದರೆ ಪಂಚಾಯತಿಯ ಠರಾವು ಇಲ್ಲದೆ ಕೈ ಹಾಕಬೇಡಿ. ಘಟಕ ಸರಕಾರಿ ಆಸ್ತಿ, ಕರೆಂಟ್ ಮೀಟರ್ ಪಂಚಾಯತಿ ಹೆಸರಲ್ಲಿ. ಮೋಟಾರ್ ಸುಟ್ಟರೆ, ಯಾರಿಗಾದರೂ ವಾಂತಿಭೇದಿ ಆದರೆ ಪಟ್ಟಿ ಎತ್ತಿದವರ ತಲೆಗೆ ಬರುತ್ತದೆ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಕಾಗದದ ಮೇಲಾದರೂ ನಿಮ್ಮೂರಲ್ಲಿ ಇರುತ್ತದೆ, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕೆಂಬ ನಿಯಮವಿದೆ. ಆ ಸಮಿತಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಸಿ ಘಟಕವನ್ನು ಅದಕ್ಕೆ ವಹಿಸಿಕೊಡುವುದು ಸುರಕ್ಷಿತ ದಾರಿ. ಸ್ತ್ರೀಶಕ್ತಿ ಸಂಘವೊಂದಕ್ಕೆ ಕೊಟ್ಟರೆ ಇನ್ನೂ ಒಳ್ಳೆಯದು. ನಿತ್ಯ ನೀರು ಹೊರುವವರ ಕೈಯಲ್ಲಿ ಘಟಕ ಬೇಗ ನಿಲ್ಲದು.

‘ಅನುದಾನ ಇಲ್ಲ’ ಎಂಬ ಮಾತಿಗೆ ಅರ್ಥ ಹಲವು. 15ನೇ ಹಣಕಾಸು ಆಯೋಗವು 2021-22ರಿಂದ 2025-26ರ ಅವಧಿಗೆ ಪಂಚಾಯತಿಗಳಿಗೆ ಕೊಟ್ಟ ಹಣದಲ್ಲಿ 60 ಪ್ರತಿಶತ ನಿರ್ಬಂಧಿತ: 30 ಕುಡಿಯುವ ನೀರು ಹಾಗೂ ಮಳೆನೀರು ಕೊಯ್ಲಿಗೆ, 30 ನೈರ್ಮಲ್ಯಕ್ಕೆ. ಪೈಪ್, ವಾಲ್ವ್ ದುರಸ್ತಿ ಇದರಲ್ಲಿ ಬರುತ್ತದೆ. ಆದರೆ ವರ್ಷದ ಕ್ರಿಯಾ ಯೋಜನೆಯಲ್ಲಿ ಆ ಕೆಲಸ ಬರೆದಿರದಿದ್ದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಿಲ್ ಮಾಡಲಾರರು. ಆಗ ಅವರು ಹೇಳುವ ‘ಅನುದಾನ ಇಲ್ಲ’ ಎಂದರೆ ‘ಯೋಜನೆಯಲ್ಲಿ ಹಾಕಿಲ್ಲ’ ಎಂದು. ವಾರ್ಡ್ ಸಭೆಗೆ ಹತ್ತು ಜನ ಬಂದಾಗ ಹೈಮಾಸ್ಟ್ ದೀಪ, ಸಿಸಿ ರಸ್ತೆ ಬರೆಯಲಾಗುತ್ತದೆ. ವಾಲ್ವ್ ಯಾರೂ ಬರೆಸುವುದಿಲ್ಲ, ಅದಕ್ಕೆ ಕಲ್ಲು ನೆಟ್ಟು ಹೆಸರು ಕೆತ್ತಿಸಲು ಬರುವುದಿಲ್ಲವಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕೋಟಿಗಳ ಮಾತೂ ಅಷ್ಟೇ. ಆ ಹಣ ಮುಖ್ಯವಾಗಿ ಕಟ್ಟುವ ಕಾಮಗಾರಿಗೆ. ನೀರುಗಂಟಿಯ ಸಂಬಳ, ಕರೆಂಟ್ ಬಿಲ್, ಬ್ಲೀಚಿಂಗ್ ಪೌಡರ್ ಎಂಬ ತಿಂಗಳ ಖರ್ಚನ್ನು ಅದು ಹೊರುವುದಿಲ್ಲ.

ತಿಂಗಳ ಖರ್ಚಿಗೆ ಊರಿನ ಕರವೇ ಬೇಕು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 199ನೇ ಪ್ರಕರಣ ಪಂಚಾಯತಿಗೆ ಮನೆ ಕರ, ನೀರಿನ ದರ ಹಾಕುವ ಅಧಿಕಾರ ಕೊಟ್ಟಿದೆ. 640 ಮನೆ ತಿಂಗಳಿಗೆ 60 ರೂಪಾಯಿ ಕೊಟ್ಟರೆ 38,400 ಆಗುತ್ತದೆ. ಹುಡುಗರು ಹೇಳುವಂತೆ ಕರ ನಿಲ್ಲಿಸಿದರೆ ಮೊದಲು ನಿಲ್ಲುವುದು ಬ್ಲೀಚಿಂಗ್ ಪೌಡರ್, ಆಮೇಲೆ ನೀರುಗಂಟಿಯ ಸಂಬಳ. ಬಾಕಿ ಮಾತ್ರ ನಿಮ್ಮ ಮನೆಯ ಹೆಸರಲ್ಲಿ ಬೆಳೆಯುತ್ತ ಹೋಗುತ್ತದೆ. ಕಟ್ಟಿ, ರಸೀದಿ ತೆಗೆದುಕೊಳ್ಳಿ, ಆ ರಸೀದಿ ಹಿಡಿದು ಲೆಕ್ಕ ಕೇಳಿ. ಕರ ಕಟ್ಟದವನ ಪ್ರಶ್ನೆಗೆ ಸಭೆಯಲ್ಲಿ ಉತ್ತರ ಬೇಗ ಸಿಗುವುದಿಲ್ಲ, ಇದು ನ್ಯಾಯವೋ ಅಲ್ಲವೋ ಬೇರೆ ಮಾತು.

ಹಸ್ತಾಂತರದ ವಿಷಯದಲ್ಲಿ ಪಂಚಾಯತಿ ಪೂರ್ತಿ ತಪ್ಪಲ್ಲ. ‘ಮನೆ ಮನೆಗೆ ಗಂಗೆ’ (ಜಲ ಜೀವನ್ ಮಿಷನ್‌ಗೆ ನಮ್ಮ ರಾಜ್ಯದ ಹೆಸರು) ಯೋಜನೆಯ ಪೈಪ್ ಸೋರುತ್ತಿರುವಾಗ, ಅಗೆದ ಸಿಸಿ ರಸ್ತೆ ಮುಚ್ಚದಿರುವಾಗ ಸಹಿ ಹಾಕಿ ತೆಗೆದುಕೊಂಡರೆ ಗುತ್ತಿಗೆದಾರನ ಹೊಣೆ ಅಲ್ಲಿಗೆ ಸಡಿಲವಾಗುತ್ತದೆ. ಆದರೆ ತೆಗೆದುಕೊಳ್ಳುವುದಿಲ್ಲ ಎಂದು ಸುಮ್ಮನೆ ಕೂಡುವುದು ಉತ್ತರವಲ್ಲ. ಪಿಡಿಒ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಎಂಜಿನಿಯರ್, ಗುತ್ತಿಗೆದಾರ ಮೂವರೂ ಓಣಿ ಓಣಿ ನಡೆದು ದೋಷಗಳ ಪಟ್ಟಿ ಮಾಡಿ ಸಹಿ ಹಾಕಬೇಕು. ದೋಷ ಸರಿಪಡಿಸುವ ಅವಧಿ ಒಪ್ಪಂದದಲ್ಲಿ ಇರುತ್ತದೆ. ಅದು ಮುಗಿಯುವುದರೊಳಗೆ ಆದ ದುರಸ್ತಿಗೆ ಊರು ಪೈಸೆ ಕೊಡಬೇಕಿಲ್ಲ. ಹಸ್ತಾಂತರದ ದಿನ ಪೈಪು-ವಾಲ್ವುಗಳ ನಕ್ಷೆ ಕೇಳಿ ಪಡೆಯಿರಿ. ನಕ್ಷೆ ಇಲ್ಲದ ಊರಲ್ಲಿ ವಾಲ್ವ್ ಎಲ್ಲಿದೆ ಎಂಬುದು ಒಬ್ಬನ ತಲೆಯಲ್ಲಿರುತ್ತದೆ, ಅವನು ಪುಣೆಗೆ ದುಡಿಯಲು ಹೋದರೆ ಊರೆಲ್ಲ ಅಗೆಯಬೇಕು.

ಈಗ ಕಾಗದಗಳು. ಸಣ್ಣ ದುರಸ್ತಿಗೆ ಪಿಡಿಒಗೆ ಸಕಾಲದಡಿ (ನಿಗದಿತ ದಿನದೊಳಗೆ ಸೇವೆ ಕೊಡಬೇಕೆಂಬ ಕಾಯ್ದೆ) ಅರ್ಜಿ ಕೊಟ್ಟು ಸ್ವೀಕೃತಿ ಸಂಖ್ಯೆ ಪಡೆಯಿರಿ; ಬಾಯಿಮಾತಿಗೆ ದಿನಾಂಕ ಇರುವುದಿಲ್ಲ. ಕೊಡಗಳ ಲೆಕ್ಕ, ಟಾಕಿಯ ಇಳಿತ, ಕ್ಲೋರಿನ್ ಸೊನ್ನೆ ಬಂದ ಮನೆಗಳು, ಮೂರು ಬಾಟಲಿಯ ವರದಿ, ಇವಿಷ್ಟನ್ನು ಒಂದು ಹಾಳೆಗೆ ಇಳಿಸಿ ಗ್ರಾಮಸಭೆಯಲ್ಲಿ ಓದಿ, ಠರಾವು ಪುಸ್ತಕದಲ್ಲಿ ಬರೆಸಿ. ಘಟಕದ ಒಪ್ಪಂದ, ನಾಣ್ಯದ ಹಣದ ಲೆಕ್ಕ, ನೀರಿನ ನಿರ್ಬಂಧಿತ ಅನುದಾನದ ಖರ್ಚು ಬೇಕೆಂದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಸಾಕು, 30 ದಿನದಲ್ಲಿ ಕೊಡಬೇಕು. ಅಲ್ಲಿಗೂ ಅಲುಗದಿದ್ದರೆ ಅದೇ ಹಾಳೆಯ ಪ್ರತಿ ತಾಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ), ಆಮೇಲೆ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ) ಅವರಿಗೆ.

ಈ ವಾರ ಮಾಡಬಹುದಾದದ್ದು ಡ್ರಮ್ ಅಳತೆ, ಕ್ಲೋರಿನ್, ಮೂರು ಬಾಟಲಿ. ಬಾಟಲಿಯ ಬಗ್ಗೆ ಎಚ್ಚರ: ರಾಸಾಯನಿಕ ಪರೀಕ್ಷೆಗೆ ಒಂದು ಲೀಟರಿನ ಶುಭ್ರ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ ತುಂಬಬೇಕು. ಕ್ರಿಮಿ ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಬಾಟಲಿ, ಅದನ್ನು ತೊಳೆಯಬಾರದು, ಮುಚ್ಚಳದ ಒಳಗೆ ಬೆರಳು ತಾಗಿಸಬಾರದು. ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ, ಆದಷ್ಟು ಆರು ತಾಸಿನೊಳಗೆ ಮುಟ್ಟಿಸಿ. ಬೆಳಗಿನ ಮೊದಲ ಬಸ್ಸಿಗೇ ಹೊರಡುವಂತೆ ಮಾದರಿ ತೆಗೆಯಿರಿ, ಶನಿವಾರ ಮಾತ್ರ ಬೇಡ.